ಎಸ್‌ಎಟಿ ಅಂಕ: ಯಾವ ಕಾಲೇಜಿಗೆ ಕಳಿಸೋದು, ಯಾವುದಕ್ಕೆ ಬಿಡೋದು?

ಪ್ರಶ್ನೆ: ಹನ್ನೆರಡರ_ಗಡಿಬಿಡಿ

ಮಗಳು ಅಮೆರಿಕದಲ್ಲಿ 12ನೇ ಗ್ರೇಡ್. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ಎರಡು ಸಲ ಆಗಿದೆ. ಮಾರ್ಚ್‌ನಲ್ಲಿ ರೀಡಿಂಗ್-ರೈಟಿಂಗ್ 690, ಮ್ಯಾತ್ 740, ಒಟ್ಟು 1430. ಆಗಸ್ಟ್‌ನಲ್ಲಿ 730 ಮತ್ತು 710, ಒಟ್ಟು 1440. ಅಂಥದ್ದೇ ಇನ್ನೊಂದು ಪರೀಕ್ಷೆ ಎಸಿಟಿ ಒಂದೇ ಸಲ, 31.

ಕಾಲೇಜುಗಳ ಪಟ್ಟಿ: ಬರ್ಕ್ಲಿ, ಸ್ಯಾನ್ ಡಿಯೇಗೊ, ಜಾರ್ಜಿಯಾ ಟೆಕ್, ಪರ್ಡ್ಯೂ, ಮಿಷಿಗನ್, ಬೋಡಿನ್. ಟೆಸ್ಟ್ ಆಪ್ಷನಲ್, ಅಂದರೆ ಅಂಕ ಕೊಡುವುದು ಬಿಡುವುದು ನಮ್ಮಿಷ್ಟ, ಆಗಿರುವ ಇನ್ನೆರಡು ಸಣ್ಣ ಕಾಲೇಜುಗಳೂ ಇವೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಇಷ್ಟ, ಅದಿಲ್ಲದ ಕಡೆ ಫಿಸಿಕ್ಸ್.

ಟೆಸ್ಟ್ ಆಪ್ಷನಲ್ ಅಂದಮೇಲೆ ಈ ಅಂಕ ಕಳಿಸಿದರೆ ಲಾಭವೋ ನಷ್ಟವೋ? ಎರಡು ಎಸ್‌ಎಟಿಯಲ್ಲಿ ಒಂದನ್ನು ಕಳಿಸಬೇಕೋ, ಎರಡನ್ನೂ ಕಳಿಸಬೇಕೋ? ಎಸಿಟಿ ಏನು ಮಾಡುವುದು? ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್‌ಗೆ ದುಡ್ಡು ಕಟ್ಟಿ ಕಳಿಸುವುದಾದರೆ ಈಗಲೋ, ಆಮೇಲೋ? ಶಾಲೆಯ ಕೌನ್ಸೆಲರ್ ಹತ್ತಿರ ಇನ್ನೂರೈವತ್ತು ಮಕ್ಕಳಿದ್ದಾರೆ, ಇಷ್ಟು ವಿವರಕ್ಕೆ ಅವರಿಗೆ ಸಮಯವಿಲ್ಲ.

ಉತ್ತರ: ಕಡತ_ಕಟ್ಟು

ಮೊದಲು ಆ ಪಟ್ಟಿಯನ್ನು ಒಡೆದುಕೊಳ್ಳಿ. ನಿಮ್ಮ ಗೊಂದಲದ ಅರ್ಧ ಅಲ್ಲೇ ಕಳಚುತ್ತದೆ.

ಬರ್ಕ್ಲಿ ಮತ್ತು ಸ್ಯಾನ್ ಡಿಯೇಗೊ ಎರಡೂ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವು. ಅವರದು ಟೆಸ್ಟ್ ಬ್ಲೈಂಡ್. ಅಂಕ ಕೊಟ್ಟರೂ ಪ್ರವೇಶದ ತೀರ್ಮಾನದಲ್ಲಿ ಅದನ್ನು ನೋಡುವುದಿಲ್ಲ. ಸೇರಿದ ಮೇಲೆ ಯಾವ ಹಂತದ ಕೋರ್ಸಿಗೆ ಹಾಕಬೇಕು ಎಂಬಂಥ ಕೆಲಸಕ್ಕೆ ಬಳಕೆಯಾಗಬಹುದು, ಅಷ್ಟೇ. ಕ್ಯಾಲ್ ಸ್ಟೇಟ್ ಕಾಲೇಜುಗಳೂ 2022ರಲ್ಲಿ ಇದೇ ದಾರಿ ಹಿಡಿದವು. ಇಲ್ಲಿಗೆ ಒಂದು ಡಾಲರನ್ನೂ ಖರ್ಚು ಮಾಡಬೇಡಿ.

ಜಾರ್ಜಿಯಾ ಟೆಕ್ ಮತ್ತು ಪರ್ಡ್ಯೂ ಅಂಕ ಕೇಳಿಯೇ ಕೇಳುತ್ತವೆ. ಅಲ್ಲಿ ಕಳಿಸಬೇಕೇ ಎಂಬ ಪ್ರಶ್ನೆಯೇ ಇಲ್ಲ, ಯಾವುದನ್ನು ಕಳಿಸಬೇಕು ಎಂಬುದಷ್ಟೇ. ಈ ಗುಂಪು ಈಚೆಗೆ ಬೆಳೆಯುತ್ತಿದೆ. ಎಂಐಟಿ 2022ರಲ್ಲೇ ಅಂಕ ಕಡ್ಡಾಯ ಎಂದಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಒಂದರ ಹಿಂದೊಂದು ಹಾಗೇ ಹೇಳಿದವು. ಹೋದ ವರ್ಷ ಸೇರಿದವರ ಮಾತು ನಂಬಿ ಕೂರಬೇಡಿ. ಪ್ರತಿ ಕಾಲೇಜಿನ ಅಡ್ಮಿಷನ್ ಪುಟದಲ್ಲಿ ಈ ವರ್ಷದ ನಿಯಮವನ್ನೇ ಓದಿ.

ಉಳಿದವು ಟೆಸ್ಟ್ ಆಪ್ಷನಲ್. ನಿಜವಾಗಿ ಯೋಚಿಸಬೇಕಾದ್ದು ಇಲ್ಲಿ.

ಕಾಲೇಜಿನ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಎಂದು ಹುಡುಕಿ. ಕಾಲೇಜು ತನ್ನ ಅಂಕಿಅಂಶಗಳನ್ನು ಪ್ರಕಟಿಸುವ ಕಡತ ಅದು. ಅದರ ಸಿ ಭಾಗದಲ್ಲಿ ಮೂರು ಕೋಷ್ಟಕ ನಿಮಗೆ ಬೇಕು. ಸಿ7ರಲ್ಲಿ ಯಾವ ಅಂಶಕ್ಕೆ ಎಷ್ಟು ತೂಕ ಎಂದಿರುತ್ತದೆ: ಬಹಳ ಮುಖ್ಯ, ಮುಖ್ಯ, ಪರಿಗಣಿಸುತ್ತೇವೆ, ಪರಿಗಣಿಸುವುದಿಲ್ಲ. ಅಲ್ಲಿ ಪರೀಕ್ಷೆಯ ಅಂಕದ ಎದುರು ಏನಿದೆ ನೋಡಿ. ಸಿ8ರಲ್ಲಿ ಅಂಕ ಬೇಕೇ ಬೇಡವೇ ಎಂಬ ನಿಯಮ. ಸಿ9ರಲ್ಲಿ ಸೇರಿದವರ ಪೈಕಿ ಶೇಕಡಾ ಎಷ್ಟು ಮಂದಿ ಎಸ್‌ಎಟಿ ಕೊಟ್ಟರು, ಎಷ್ಟು ಮಂದಿ ಎಸಿಟಿ ಕೊಟ್ಟರು, ಅವರ 25ನೇ ಮತ್ತು 75ನೇ ಪರ್ಸೆಂಟೈಲ್ ಎಷ್ಟು ಎಂಬುದು ಸಿಗುತ್ತದೆ. ಕಾಲು ಭಾಗದವರ ಅಂಕ ಮೊದಲನೆಯದಕ್ಕಿಂತ ಕೆಳಗೆ, ಕಾಲು ಭಾಗದವರದು ಎರಡನೆಯದಕ್ಕಿಂತ ಮೇಲೆ; ಇವೆರಡರ ನಡುವಿನದೇ ಕಾಲೇಜಿನ ಶ್ರೇಣಿ.

ಎಲ್ಲರೂ ಎಡವುವುದು ಈ ಸಿ9ರಲ್ಲೇ. ಆ ಸಂಖ್ಯೆ ಇಡೀ ತರಗತಿಯದಲ್ಲ, ಅಂಕ ಕೊಟ್ಟವರದು ಮಾತ್ರ. ಕಡಿಮೆ ಬಂದವರು ತೋರಿಸದೆ ಉಳಿಯುವುದರಿಂದ ಟೆಸ್ಟ್ ಆಪ್ಷನಲ್ ಆದ ಮೇಲೆ ಈ ಶ್ರೇಣಿ ಮೇಲೆ ಜಿಗಿಯುತ್ತದೆ. ಹೀಗೆ ಲೆಕ್ಕ ಹಾಕಿ: ಎಸ್‌ಎಟಿ ಕೊಟ್ಟವರು ಶೇ. 35, ಎಸಿಟಿ ಕೊಟ್ಟವರು ಶೇ. 15 ಎಂದಿದ್ದರೆ, ಕೆಲವರು ಎರಡನ್ನೂ ಕೊಟ್ಟಿರುತ್ತಾರಾದ್ದರಿಂದ, ಸೇರಿದವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಅಂಕವೇ ತೋರಿಸದೆ ಒಳಗೆ ಹೋಗಿದ್ದಾರೆ. ಅಂಥ ಕಡೆ ಅಂಕ ತೋರಿಸದಿರುವುದು ದೊಡ್ಡ ಸಂಗತಿಯಲ್ಲ. ಅದೇ ಒಟ್ಟು ಶೇ. 80 ದಾಟಿದ್ದರೆ, ಹೆಸರಿಗೆ ಆಪ್ಷನಲ್, ತೋರಿಸದವರೇ ಅಪರೂಪ ಎಂದು ಓದಿಕೊಳ್ಳಿ.

ನಿಮ್ಮ ಮಗಳ ಅಂಕವನ್ನು ಸೂಪರ್‌ಸ್ಕೋರ್ ಆಗಿ, ಅಂದರೆ ಪ್ರತಿ ವಿಭಾಗದ ಅತಿ ಹೆಚ್ಚಿನ ಅಂಕವನ್ನು ಕೂಡಿ, ಹಿಡಿಯಿರಿ: ಆಗಸ್ಟಿನ 730, ಮಾರ್ಚಿನ 740, ಒಟ್ಟು 1470. ಒಂದು ಕಾಲೇಜಿನ ಶ್ರೇಣಿ 1400ರಿಂದ 1520 ಇದ್ದರೆ ಅದರ ಮಧ್ಯ 1460ರ ಆಸುಪಾಸು. ಕಣ್ಣುಮುಚ್ಚಿ ಕಳಿಸಿ. 1450ರಿಂದ 1540 ಇದ್ದರೆ ಅವಳು ಕೆಳಮಧ್ಯದಲ್ಲಿದ್ದಾಳೆ, ಆದರೂ ನನ್ನ ಮತ ಕಳಿಸುವುದಕ್ಕೇ. ಶ್ರೇಣಿ 1490ರಿಂದಲೇ ಶುರುವಾದರೆ ಸಾಮಾನ್ಯವಾಗಿ ಬಿಡುವುದು ಲೇಸು.

ಸಾಮಾನ್ಯವಾಗಿ ಎಂದೆ. ಏಕೆಂದರೆ ಅಂಕವನ್ನು ಅವರು ಕಾಲೇಜಿನ ಸರಾಸರಿಯ ಪಕ್ಕ ಮಾತ್ರ ಇಟ್ಟು ನೋಡುವುದಿಲ್ಲ, ಅವಳ ಹೈಸ್ಕೂಲಿನ ಪಕ್ಕದಲ್ಲೂ ಇಡುತ್ತಾರೆ. ಕೌನ್ಸೆಲರ್ ಕಳಿಸುವ ಸ್ಕೂಲ್ ಪ್ರೊಫೈಲ್‌ನಲ್ಲಿ ಆ ಶಾಲೆಯ ಸರಾಸರಿ ಅಂಕ ಎಷ್ಟೋ ಸಲ ಇರುತ್ತದೆ. ಸರಾಸರಿ 1050 ಇರುವ ಶಾಲೆಯಿಂದ ಬಂದ 1470, ಸರಾಸರಿ 1400 ಇರುವ ಶಾಲೆಯಿಂದ ಬಂದ 1470, ಇವೆರಡೂ ಒಂದೇ ಅಲ್ಲ. ಡಾರ್ಟ್‌ಮತ್ ಕಡ್ಡಾಯಕ್ಕೆ ಮರಳಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಕಡಿಮೆ ಆದಾಯದ ಮನೆಯ ಮಕ್ಕಳು, ಕೊಟ್ಟಿದ್ದರೆ ತಮಗೇ ಅನುಕೂಲವಾಗುತ್ತಿದ್ದ ಅಂಕವನ್ನು ಕೊಡದೆ ಬಿಡುತ್ತಿದ್ದರು ಎಂದು ಅವರದೇ ಅಧ್ಯಯನ ಕಂಡುಕೊಂಡಿತ್ತು. ಆದ್ದರಿಂದ ಸ್ಕೂಲ್ ಪ್ರೊಫೈಲ್ ಕೇಳಿ ಪಡೆದು ಓದಿ. ಅದು ಗುಟ್ಟಿನ ಕಾಗದವೇನಲ್ಲ, ಹಲವು ಶಾಲೆಗಳ ಜಾಲತಾಣದಲ್ಲೇ ಇರುತ್ತದೆ.

ಇನ್ನು ಎಸಿಟಿ. 2018ರ ಹೋಲಿಕೆ ಪಟ್ಟಿಯ ಪ್ರಕಾರ 31 ಅಂದರೆ ಎಸ್‌ಎಟಿಯ 1390ರಿಂದ 1410. 1470 ಅಂದರೆ ಎಸಿಟಿಯ 33. ಎಸ್‌ಎಟಿಯೇ ಗಟ್ಟಿ, ಎಸಿಟಿಯನ್ನು ಮರೆತುಬಿಡಿ. ಎರಡೂ ಕಳಿಸಿದರೆ ಶ್ರಮ ಕಾಣುತ್ತದೆ ಎಂದುಕೊಳ್ಳುವವರಿದ್ದಾರೆ. ಶ್ರಮಕ್ಕೆ ಅಲ್ಲಿ ಅಂಕವಿಲ್ಲ.

ಉತ್ತರ: ನೀಲಿ_ಪೆನ್ಸಿಲ್

ಕಳಿಸುವ ಬಗೆಯನ್ನು ನಾನು ಹೇಳುತ್ತೇನೆ. ದುಡ್ಡು ಸುಮ್ಮನೆ ಸೋರುವುದು ಅಲ್ಲೇ.

ಅರ್ಜಿ ಹಾಕುವಾಗ ಬಹುಪಾಲು ಕಾಲೇಜುಗಳಿಗೆ ಕಾಲೇಜ್ ಬೋರ್ಡ್‌ನ ಅಧಿಕೃತ ವರದಿ ಬೇಕಿಲ್ಲ. ಹಲವು ಕಾಲೇಜುಗಳಿಗೆ ಒಂದೇ ಆನ್‌ಲೈನ್ ಅರ್ಜಿಯಾದ ಕಾಮನ್ ಆ್ಯಪ್‌ನ ಟೆಸ್ಟಿಂಗ್ ಭಾಗದಲ್ಲಿ ನೀವೇ ತುಂಬಿದ ಅಂಕ ಸಾಕು. ಸೀಟು ಸಿಕ್ಕಿ, ಸೇರುವುದು ಖಚಿತವಾದ ಮೇಲೆ ಆ ಒಂದೇ ಕಾಲೇಜಿಗೆ ಅಧಿಕೃತ ವರದಿ ಕಳಿಸಿದರಾಯಿತು. ವರದಿಯೊಂದಕ್ಕೆ ಸುಮಾರು 15 ಡಾಲರ್. ಎಂಟು ಕಡೆಗೆ ಕಟ್ಟುವ ಬದಲು ಒಂದು ಕಡೆಗೆ. ಎಸ್‌ಎಟಿ ಶುಲ್ಕ ವಿನಾಯಿತಿ ಸಿಕ್ಕಿದವರಿಗೆ ವರದಿಗಳೂ ಉಚಿತ. ಕೆಲವು ಕಾಲೇಜುಗಳು ಮಾತ್ರ ಮೊದಲೇ ಅಧಿಕೃತ ವರದಿ ಬೇಕು ಎನ್ನುತ್ತವೆ. ಯಾವ್ಯಾವು ಎಂದು ಪಟ್ಟಿಯ ಪಕ್ಕದಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಕಾಮನ್ ಆ್ಯಪ್‌ನಲ್ಲಿ ಒಂದು ಬಲೆ ಇದೆ. ಟೆಸ್ಟಿಂಗ್ ಭಾಗ ಎಲ್ಲ ಕಾಲೇಜುಗಳಿಗೂ ಒಂದೇ. ಅಲ್ಲಿ 1470 ತುಂಬಿ ಬಿಟ್ಟರೆ, ಸಲ್ಲಿಸಿದ ಪ್ರತಿ ಕಾಲೇಜಿಗೂ ಅದು ಹೋಗುತ್ತದೆ. ಅಂಕ ಪರಿಗಣಿಸಬೇಕೇ ಎಂಬ ಬೇರೆ ಪ್ರಶ್ನೆ ಟೆಸ್ಟ್ ಆಪ್ಷನಲ್ ಕಾಲೇಜುಗಳ ಸ್ವಂತ ಪ್ರಶ್ನೆಗಳ ಪುಟದಲ್ಲಿ ಬರುತ್ತದೆ. ಒಂದು ಕಡೆ ಅಂಕ ಕೊಟ್ಟು ಇನ್ನೊಂದು ಕಡೆ ಬೇಡ ಎಂದರೆ ಬಹುತೇಕ ಕಾಲೇಜುಗಳು ಬೇಡ ಎಂಬ ಉತ್ತರಕ್ಕೇ ಬೆಲೆ ಕೊಡುತ್ತವೆ. ಆದರೂ ಆ ಗೊಂದಲವನ್ನು ನೀವಾಗಿ ಹುಟ್ಟಿಸಬೇಡಿ. ಅಂಕ ಕಳಿಸುವ ಕಾಲೇಜುಗಳಿಗೆಲ್ಲ ಮೊದಲು ಸಲ್ಲಿಸಿ. ಆಮೇಲೆ ಟೆಸ್ಟಿಂಗ್ ಭಾಗಕ್ಕೆ ಹೋಗಿ, ಅಂಕ ಕೊಡುತ್ತೀರಾ ಎಂಬುದಕ್ಕೆ ಇಲ್ಲ ಎಂದು ಬದಲಿಸಿ, ಉಳಿದವಕ್ಕೆ ಸಲ್ಲಿಸಿ. ಒಮ್ಮೆ ಸಲ್ಲಿಸಿದ್ದು ಆ ಕಾಲೇಜಿನ ಮಟ್ಟಿಗೆ ಬದಲಾಗದು, ಮುಂದಿನದಕ್ಕೆ ಬದಲಾಯಿಸಬಹುದು. ಸಲ್ಲಿಸುವ ಮುನ್ನ ಬರುವ ಪಿಡಿಎಫ್ ತೆರೆದು ಅಂಕ ಇದೆಯೋ ಇಲ್ಲವೋ ನೋಡಿಯೇ ಮುಂದೆ ಹೋಗಿ. ಇನ್ನೊಂದು: ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳ ಅಂಕಗಳೂ ಇದೇ ಭಾಗದಲ್ಲಿವೆ. ಎಸ್‌ಎಟಿ ತೆಗೆಯುವ ಭರದಲ್ಲಿ ಒಳ್ಳೆಯ ಎಪಿ ಅಂಕವೂ ಹಾರಿಹೋಗದಿರಲಿ.

ತುಂಬುವಾಗ ಅದು ಕೇಳುವುದು ವಿಭಾಗವಾರು ಅತಿ ಹೆಚ್ಚಿನ ಅಂಕ ಮತ್ತು ಆಯಾ ದಿನಾಂಕ. 730ಕ್ಕೆ ಆಗಸ್ಟಿನದು, 740ಕ್ಕೆ ಮಾರ್ಚಿನದು. ದಿನಾಂಕ ಅದಲುಬದಲಾದರೆ ಕೊನೆಗೆ ಅಧಿಕೃತ ವರದಿಯ ಜೊತೆ ತಾಳೆಯಾಗುವುದಿಲ್ಲ. ತಪ್ಪು ಅಂಕ ತುಂಬಿದ್ದು ಆಗ ಹೊರಬಿದ್ದರೆ ಸೀಟನ್ನೇ ಹಿಂದಕ್ಕೆ ಪಡೆಯುವ ಹಕ್ಕು ಕಾಲೇಜಿಗಿರುತ್ತದೆ.

ಒಂದೋ ಎರಡೋ ಎಂಬ ಪ್ರಶ್ನೆಗೆ ಬರೋಣ. ಅಧಿಕೃತ ವರದಿ ಕಳಿಸುವಾಗ ‘ಸ್ಕೋರ್ ಚಾಯ್ಸ್’ ಬಳಸಿ ಯಾವ ದಿನದ ಪರೀಕ್ಷೆ ಹೋಗಬೇಕು ಎಂದು ಆರಿಸಬಹುದು. ಆದರೆ ಒಂದು ದಿನದ ಮ್ಯಾತ್ ಮಾತ್ರ, ಇನ್ನೊಂದು ದಿನದ ರೀಡಿಂಗ್ ಮಾತ್ರ ಎಂದು ಹರಿದು ಕಳಿಸಲಾಗದು, ಇಡೀ ದಿನ ಹೋಗುತ್ತದೆ. ಸೂಪರ್‌ಸ್ಕೋರ್ ಮಾಡುವ ಕಾಲೇಜಿಗೆ ಎರಡೂ ದಿನ ಕಳಿಸಿ, ಕೂಡುವ ಕೆಲಸ ಅವರದು. ಒಂದೇ ದಿನದ ಒಟ್ಟು ನೋಡುವ ಕಾಲೇಜಿಗೆ ಆಗಸ್ಟಿನ 1440 ಸಾಕು. ಜಾರ್ಜ್‌ಟೌನ್‌ನಂತೆ ಬರೆದದ್ದೆಲ್ಲ ಬೇಕು ಎನ್ನುವವರೂ ಇದ್ದಾರೆ, ಅಲ್ಲಿ ಈ ಆಯ್ಕೆಯೇ ಇಲ್ಲ. ಅಂಥದ್ದು ನಿಮ್ಮ ಪಟ್ಟಿಗೆ ಹೊಸದಾಗಿ ಸೇರಿದರೆ ನೆನಪಿರಲಿ.

ಪರೀಕ್ಷೆಯಾದ 9 ದಿನದೊಳಗೆ ಸಿಗುವ 4 ಉಚಿತ ವರದಿಗಳ ಆಸೆಗೆ ಬೀಳಬೇಡಿ. ಅಂಕ ಕಾಣುವ ಮೊದಲೇ ಯಾರಿಗೆ ಕಳಿಸಬೇಕು ಎಂದು ಹೇಳಬೇಕು. 60 ಡಾಲರ್ ಉಳಿಸಲು ಹೋಗಿ ಆಯ್ಕೆಯನ್ನೇ ಕಳೆದುಕೊಳ್ಳುತ್ತೀರಿ.

ಉತ್ತರ: ಗಣಿತದ_ಗೀಳು

ಕೊನೆಯ ಮಾತು ಅರ್ಧ ಸರಿ. ಟೆಸ್ಟ್ ಆಪ್ಷನಲ್ ಕಾಲೇಜಿಗಾದರೆ ಉಚಿತ ವರದಿ ಬೇಡವೇ ಬೇಡ. ಆದರೆ ಅಂಕ ಕಡ್ಡಾಯವಾಗಿದ್ದು, ಸೂಪರ್‌ಸ್ಕೋರ್ ಮಾಡುವ, ಅಧಿಕೃತ ವರದಿಯನ್ನು ಮೊದಲೇ ಕೇಳುವ ಕಾಲೇಜಿಗೆ ಅದರಿಂದ ನಷ್ಟವೇನು? ಅವಳು ಮತ್ತೊಮ್ಮೆ ಬರೆದು ಅಂಕ ಇಳಿದರೂ ಅವರು ಹಿಡಿಯುವುದು ಹಳೆಯ ಮೇಲಿನದನ್ನೇ. ಅಂಥದೊಂದಿದ್ದರೆ ಅದಕ್ಕೆ ಮಾತ್ರ ಉಚಿತ ವರದಿ ಕೊಡಿ, ಉಳಿದ ಮೂರನ್ನು ಖಾಲಿ ಬಿಡಿ. ನಾಲ್ಕಿದೆ ಎಂದು ನಾಲ್ಕೂ ತುಂಬಬೇಕಿಲ್ಲ.

ಇಂಜಿನಿಯರಿಂಗ್ ಎಂದಿದ್ದೀರಿ. ಹಾಗಾದರೆ ಒಟ್ಟು ಅಂಕಕ್ಕೆ ನಿಲ್ಲಬೇಡಿ. ಸಿ9ರಲ್ಲಿ ಮ್ಯಾತ್‌ನ ಶ್ರೇಣಿ ಪ್ರತ್ಯೇಕವಾಗಿದೆ. ಅದೂ ಇಡೀ ಕಾಲೇಜಿನದು, ಇಂಜಿನಿಯರಿಂಗ್‌ಗೆ ಸೇರಿದವರದು ಇನ್ನೂ ಮೇಲಿರುವುದೇ ಹೆಚ್ಚು. ಮಿಷಿಗನ್‌ನಂಥ ಕಡೆ 740 ತೂಗಬೇಕಾದ್ದು ಆ ತಕ್ಕಡಿಯಲ್ಲಿ. ಶಾಲೆಯಲ್ಲಿ ಕ್ಯಾಲ್ಕುಲಸ್ ಅಂಕ, ಎಪಿ ಅಂಕ ಚೆನ್ನಾಗಿದ್ದರೆ 740 ಅದಕ್ಕೆ ಪೂರಕ. ಅವು ದುರ್ಬಲವಾಗಿದ್ದರಂತೂ ಕಳಿಸಲೇಬೇಕು, ಗಣಿತ ಬರುತ್ತದೆ ಎನ್ನುವುದಕ್ಕೆ ಅರ್ಜಿಯಲ್ಲಿ ಬೇರೆ ಪುರಾವೆ ಏನಿರುತ್ತದೆ?

ಬೋಡಿನ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಅವರು ಟೆಸ್ಟ್ ಆಪ್ಷನಲ್ ಆದದ್ದು 1969ರಲ್ಲಿ, ಕೋವಿಡ್ ಕಾಲದ ಫ್ಯಾಷನ್ ಅಲ್ಲ. ಅಂಕವಿಲ್ಲದ ಅರ್ಜಿ ಓದುವ ರೂಢಿ ಅವರಿಗೆ ಐವತ್ತು ವರ್ಷಕ್ಕೂ ಹಳೆಯದು.

ಪ್ರಶ್ನೆ ಕೇಳಿದವರು: ಹನ್ನೆರಡರ_ಗಡಿಬಿಡಿ

ತುಂಬಾ ಉಪಕಾರವಾಯಿತು. ಎರಡು ಸಂದೇಹ ಉಳಿದಿವೆ. ಸಣ್ಣ ಕಾಲೇಜುಗಳಲ್ಲಿ ಒಂದರ ಶ್ರೇಣಿ 1480ರಿಂದಲೇ ಶುರು, ಆದರೆ ಅವರ ಮೆರಿಟ್ ಸ್ಕಾಲರ್‌ಶಿಪ್ ಕೂಡ ಬೇಕು. ಆಗ? ಮತ್ತೆ, ಅಂಕ ಕಳಿಸದಿದ್ದರೂ ಬೇರೆ ದಾರಿಯಿಂದ ಅವರಿಗೆ ಗೊತ್ತಾಗುವ ಸಾಧ್ಯತೆ ಇದೆಯೇ?

ಉತ್ತರ: ಕಡತ_ಕಟ್ಟು

ಎರಡನೆಯದಕ್ಕೆ ಮೊದಲು: ಇದೆ. ಕೆಲವು ಹೈಸ್ಕೂಲುಗಳು ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಂಕಪಟ್ಟಿ) ಮೇಲೆಯೇ ಎಸ್‌ಎಟಿ, ಎಸಿಟಿ ಅಂಕ ಮುದ್ರಿಸುತ್ತವೆ. ಮಗಳ ಟ್ರಾನ್ಸ್‌ಕ್ರಿಪ್ಟಿನ ಪ್ರತಿ ತರಿಸಿ ನೋಡಿ. ಅಂಕ ಇದ್ದರೆ ಅದನ್ನು ತೆಗೆದು ಕಳಿಸುವಂತೆ ಕೌನ್ಸೆಲರ್‌ಗೆ ಬರಹದಲ್ಲಿ ಕೇಳಿ. ಮೊದಲ ಗಡುವಿಗೆ ಎರಡು ಮೂರು ವಾರ ಮುಂಚೆಯೇ ಕೇಳಿ, ಏಕೆಂದರೆ ಒಮ್ಮೆ ಅಪ್‌ಲೋಡ್ ಆದದ್ದನ್ನು ಹಿಂದಕ್ಕೆ ಕರೆಸುವುದು ಕಷ್ಟ. ಎಸ್‌ಎಟಿಗೆ ಮುಂಚಿನ ಅಭ್ಯಾಸ ಪರೀಕ್ಷೆಯಾದ ಪಿಎಸ್‌ಎಟಿಯ ಚಿಂತೆ ಬೇಡ, ಅದರ ವರದಿಯನ್ನು ಕಾಲೇಜ್ ಬೋರ್ಡ್ ಪ್ರವೇಶಕ್ಕೆಂದು ಕಾಲೇಜುಗಳಿಗೆ ಕಳಿಸುವುದಿಲ್ಲ.

ಸ್ಕಾಲರ್‌ಶಿಪ್ ಬೇರೆಯೇ ಕಥೆ. ಪ್ರವೇಶಕ್ಕೆ ಟೆಸ್ಟ್ ಆಪ್ಷನಲ್ ಎಂದರೆ ಮೆರಿಟ್ ಹಣಕ್ಕೂ ಆಪ್ಷನಲ್ ಎಂದರ್ಥವಲ್ಲ. ಆನರ್ಸ್ ಕಾಲೇಜು, ನರ್ಸಿಂಗ್, ಕೆಲವು ಇಂಜಿನಿಯರಿಂಗ್ ವಿಭಾಗಗಳಿಗೂ ಇದೇ ಮಾತು. ಫೈನಾನ್ಷಿಯಲ್ ಏಡ್ ಪುಟದಲ್ಲಿ ಸ್ಕಾಲರ್‌ಶಿಪ್ ನಿಯಮ ಓದಿ. ಇಂತಿಷ್ಟು ಅಂಕಕ್ಕೆ ಇಂತಿಷ್ಟು ಹಣ ಎಂಬ ಪಟ್ಟಿ ಇದ್ದು, 1470 ಅದರಲ್ಲಿ ಬಂದರೆ, 1480ರ ಶ್ರೇಣಿಯ ಯೋಚನೆ ಬಿಟ್ಟು ಕಳಿಸಿ. ಹತ್ತು ಅಂಕದ ಅಂತರ ಅಂದರೆ ಒಂದೇ ಒಂದು ಮೆಟ್ಟಿಲು. ಪಟ್ಟಿಯಿಲ್ಲದೆ ಎಲ್ಲ ಅರ್ಜಿಯನ್ನೂ ಒಟ್ಟಾಗಿ ನೋಡುತ್ತೇವೆ ಎಂದಿದ್ದರೆ, ಅಂಕ ಕೊಡದವರಿಗೂ ಈ ಹಣ ಸಿಗುತ್ತದೆಯೇ ಎಂದು ಅಡ್ಮಿಷನ್ ಆಫೀಸಿಗೆ ಒಂದು ಸಾಲಿನ ಇಮೇಲ್ ಹಾಕಿ. ನೇರವಾಗಿ ಉತ್ತರಿಸುತ್ತಾರೆ.

ಉತ್ತರ: ನೀಲಿ_ಪೆನ್ಸಿಲ್

ಅಧಿಕೃತ ವರದಿ ಕಳಿಸಿದ ಮೇಲೂ ಕಾಲೇಜಿನ ಪೋರ್ಟಲ್‌ನಲ್ಲಿ ‘ಬಂದಿಲ್ಲ’ ಎಂದೇ ತೋರಿಸುತ್ತಿದ್ದರೆ, ಹೆಚ್ಚಾಗಿ ತೊಡಕು ಹೆಸರಿನದು. ನಮ್ಮವರಲ್ಲಿ ಇದು ಜಾಸ್ತಿ: ಎಸ್‌ಎಟಿ ಖಾತೆಯಲ್ಲಿ ಇನಿಷಿಯಲ್, ಅರ್ಜಿಯಲ್ಲಿ ಅಪ್ಪನ ಪೂರ್ತಿ ಹೆಸರು, ಅಥವಾ ಮೊದಲ ಹೆಸರು ಕೊನೆಗೆ, ಕೊನೆಯದು ಮೊದಲಿಗೆ. ಹೆಸರು, ಹುಟ್ಟಿದ ದಿನಾಂಕ, ಇಮೇಲ್ ಎರಡೂ ಕಡೆ ಅಕ್ಷರ ಅಕ್ಷರ ಒಂದೇ ಇರಲಿ. ಇಲ್ಲದಿದ್ದರೆ ವರದಿ ಕಾಲೇಜಿಗೆ ತಲುಪಿಯೂ ಅವಳ ಕಡತ ಸೇರದೆ ಉಳಿಯುತ್ತದೆ. ಹಾಗಾದಾಗ ಇನ್ನೊಮ್ಮೆ ದುಡ್ಡು ಕಟ್ಟಿ ಕಳಿಸಬೇಡಿ. ಕಳಿಸಿದ ದಿನಾಂಕ, ಎರಡೂ ಕಡೆಯ ಹೆಸರು, ಅರ್ಜಿಯ ಐಡಿ ಬರೆದು ಅಡ್ಮಿಷನ್ ಆಫೀಸಿಗೆ ಇಮೇಲ್ ಮಾಡಿ, ಅವರೇ ಜೋಡಿಸುತ್ತಾರೆ.