ಸಹಾಯ ಬೇಕು: ಎಸ್‌ಜಿ ಗಿಟಾರ್‌ಗೆ ಯಾವ ಸ್ಟ್ರಾಪ್ ಲಾಕ್ (ಬೆಲ್ಟ್ ಕಳಚದ ಹಾಗೆ ಹಿಡಿಯುವ ಲಾಕ್) ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ನನ್ನದು ಎಪಿಫೋನ್ ಕಂಪನಿಯ ಎಸ್‌ಜಿ ಮಾದರಿಯ ಎಲೆಕ್ಟ್ರಿಕ್ ಗಿಟಾರ್. ನಿಂತು ನುಡಿಸುವಾಗ ಬೆಲ್ಟ್ ಆಗಾಗ ಕಳಚಿಕೊಳ್ಳುತ್ತದೆ. ಬೆಲ್ಟ್ ಸಿಕ್ಕಿಸುವ ಒಂದು ಬಟನ್ ಇದರಲ್ಲಿ ನೆಕ್ (ಗಿಟಾರಿನ ಉದ್ದನೆಯ ಹಿಡಿ) ಸೇರುವ ಜಾಗದಲ್ಲಿ, ಹಿಂಬದಿಗೆ ಇದೆ. ಬೆಲ್ಟ್ ತಿರುಚಿಕೊಳ್ಳುವುದೇ ಅಲ್ಲಿ. ಮೊದಲೇ ನೆಕ್ ಕೆಳಗೆ ವಾಲುವ ಗಿಟಾರ್, ಬಿದ್ದರೆ ನೆಕ್ ತುದಿಯ ಹೆಡ್‌ಸ್ಟಾಕ್‌ಗೇ ಪೆಟ್ಟು. ಅದೇ ಭಯ.

ಎರಡು ಕಂಪನಿಯದು ನೋಡಿದ್ದೇನೆ. ಡನ್‌ಲಪ್‌ನಲ್ಲಿ ಬೆಲ್ಟ್‌ಗೆ ಹಾಕಿದ ಪಿನ್, ಬಟನ್‌ನ ಒಳಗೇ ಹೋಗಿ ಕೂರುತ್ತದೆ, ಒತ್ತಿದರೆ ಬಿಡುತ್ತದೆ. ಶಾಲರ್‌ನದು ಬಟನ್ನನ್ನು ಹೊರಗಿನಿಂದ ಕೊಕ್ಕೆಯ ಹಾಗೆ ಹಿಡಿಯುತ್ತದೆ. ಅದರ ಬಟನ್‌ಗೆ ಮಾಮೂಲಿ ಬೆಲ್ಟನ್ನೂ ಹಾಕಬಹುದು, ಹಾಗಾಗಿ ನನಗೆ ಅದೇ ಇಷ್ಟ. ಆದರೆ ನೆಕ್ ಹತ್ತಿರ ಹಾಕಿದರೆ ಮೇಲಿನ ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿ, ಬಾಡಿ ಹತ್ತಿರದವು) ನುಡಿಸುವಾಗ ಕೈಗೆ ತಾಗುತ್ತದಾ? ಎಸ್‌ಜಿಗೆ ಹಾಕಿಸಿಕೊಂಡವರು ದಯವಿಟ್ಟು ಹೇಳಿ.

ಇನ್ನೊಂದು ತೊಂದರೆ ಸ್ಕ್ರೂದು. ಹಳೇ ಸ್ಕ್ರೂ ದಪ್ಪ, ಅದರ ತಲೆ ಹೊಸ ಬಟನ್‌ನಲ್ಲಿ ಕೂರುವುದಿಲ್ಲ ಅಂತಾರೆ. ಹೊಸ ಸ್ಕ್ರೂ ತೆಳ್ಳಗಿದ್ದರೆ ಹಳೇ ತೂತಿನಲ್ಲಿ ಸುಮ್ನೆ ತಿರುಗುತ್ತದೆ. ಮರದ ಅಂಟು ಹಚ್ಚಿದ ಟೂತ್‌ಪಿಕ್ ತುರುಕಿ, ರಾತ್ರಿಯೆಲ್ಲಾ ಒಣಗಲು ಬಿಟ್ಟು ಸ್ಕ್ರೂ ಹಾಕಿದರೆ ಸಾಕಾ? ಅಥವಾ ಮರದ ಗೂಟ ಬಡಿಸಿ ಹೊಸದಾಗಿ ಡ್ರಿಲ್ ಮಾಡಿಸಬೇಕಾ? ನೆಕ್ ಹತ್ತಿರದ ಮರ ಸೀಳಿದರೆ ಸರಿಮಾಡೋದು ಕಷ್ಟ ಅಲ್ವಾ.

ನನ್ನ ಬೆಲ್ಟ್ ದಪ್ಪ ಚರ್ಮದ್ದು, ಅದಕ್ಕೆ ಲಾಕ್‌ನ ನಟ್ ಪೂರ್ತಿ ಹಿಡಿಯುತ್ತದಾ ಅನ್ನೋದನ್ನೂ ತಿಳಿಸಿ. ಫೋಟೋ ಇದ್ದರೆ ಹಾಕಿ, ತುಂಬಾ ಉಪಕಾರ ಆಗುತ್ತದೆ.