ಬಾಯಿಂದಲೇ ಸ್ಕೋಪ್ ಹಾಕಿ ಜಠರಕ್ಕೆ ಹೊಲಿಗೆ ಹಾಕ್ತಾರಂತೆ, ಆ ಹೊಲಿಗೆ ನಿಲ್ಲುತ್ತಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನಿಗೆ 42 ವರ್ಷ, ತೂಕ 95 ಕೆಜಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 35ರ ಹತ್ತಿರ. ಡಯಟ್ಟು ವಾಕಿಂಗು ಅಂತ ಕಷ್ಟಪಟ್ಟು ಇಳಿಸ್ತಾಳೆ, ಆರು ತಿಂಗಳಿಗೆ ಮತ್ತೆ ಅಷ್ಟೇ ಆಗುತ್ತೆ. ಜಠರ ಕತ್ತರಿಸಿ ತೆಗೆಯೋ ಸರ್ಜರಿ ಅಂದ್ರೆ ಅವಳಿಗೆ ತುಂಬಾ ಭಯ. ಈಗ ಡಾಕ್ಟ್ರು ಎಂಡೋಸ್ಕೋಪಿಕ್ ಸ್ಲೀವ್ ಅಂತ ಇದೆ, ಹೊಟ್ಟೆ ಮೇಲೆ ಒಂದು ಗೀರೂ ಬೀಳಲ್ಲ, ಬಾಯಿಂದ ಸ್ಕೋಪ್ (ಕ್ಯಾಮೆರಾ ಇರೋ ಸಪೂರ ಕೊಳವೆ) ಹಾಕಿ ಒಳಗೆ ಹೊಲಿದು ಜಠರ ಕಿರಿದು ಮಾಡ್ತೀವಿ ಅಂದಿದ್ದಾರೆ. ಅವಳು ಖುಷಿಯಾಗಿದ್ದಾಳೆ, ನನಗೆ ಮಾತ್ರ ನಿದ್ದೆ ಬರ್ತಿಲ್ಲ. ಊಟ ಮಾಡಿದಾಗಲೆಲ್ಲ ಹಿಗ್ಗೋ ಚೀಲ ಅದು, ಒಳಗೆ ಆಸಿಡ್ ಬೇರೆ, ಅದರಲ್ಲಿ ದಾರ ಎಷ್ಟು ದಿನ ನಿಲ್ಲುತ್ತೆ? ಅವಳಿಗೆ ಎದೆಯುರಿನೂ ಇದೆ. ಗೊತ್ತಿರೋರು ದಯವಿಟ್ಟು ಹೇಳಿ.

ಉತ್ತರ 1

ನಾನು ಎಂಡೋಸ್ಕೋಪಿ ರೂಮಲ್ಲಿ ನರ್ಸ್, ಈ ಪ್ರೊಸೀಜರ್‌ಗೆ ಎಷ್ಟೋ ಸಲ ಪಕ್ಕದಲ್ಲಿ ನಿಂತಿದ್ದೀನಿ, ಕಂಡಿದ್ದನ್ನ ಹೇಳ್ತೀನಿ. ಹೆಚ್ಚಾಗಿ ಬಳಸೋದು ಓವರ್‌ಸ್ಟಿಚ್ ಅನ್ನೋ ಡಿವೈಸು, ಅದು ಸ್ಕೋಪಿನ ತುದಿಗೆ ಕೂರುತ್ತೆ. ಅದರಲ್ಲಿ ಬಾಗಿದ ಸೂಜಿ ಇರುತ್ತೆ, ಹೊರಗೆ ಹಿಡಿ ಒತ್ತಿದ್ರೆ ಅದು ಬಾಗಿಲು ಮುಚ್ಚಿದ ಹಾಗೆ ತಿರುಗಿ ಚುಚ್ಚುತ್ತೆ. ಆದರೆ ಚುಚ್ಚೋಕೆ ಮುಂಚೆ ಇನ್ನೊಂದು ಕೆಲಸ ಇದೆ, ಸುರುಳಿ ಸ್ಕ್ರೂ ಥರದ್ದೊಂದನ್ನ ಜಠರದ ಗೋಡೆಗೆ ತಿರುವಿ ಸೂಜಿ ಹತ್ರಕ್ಕೆ ಎಳೀತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಈ ಎಳೆಯೋದರಲ್ಲೇ. ಹಳೇ ಕಾಲದ ಎಂಡೋಸಿಂಚ್ ಥರದ ಡಿವೈಸುಗಳು ಒಳಪದರನ ಮಾತ್ರ ಹೀರಿ ಹಿಡಿದು ಹೊಲೀತಿದ್ವು, ಆ ಪದರ ಮೆತ್ತಗೆ, ದಾರ ಹರ್ಕೊಂಡು ಬಿಟ್ಟುಬಿಡ್ತಿತ್ತು. ಈಗ ಎಳೆದು ಚುಚ್ಚೋದರಿಂದ ಸ್ನಾಯುವೂ ಸೇರಿ ಗೋಡೆಯ ಪೂರ್ತಿ ದಪ್ಪ ಸೂಜಿಗೆ ಸಿಗುತ್ತೆ. ದಾರ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್‌ದು, ಕರಗಲ್ಲ, ಆಸಿಡ್ಡಿಗೂ ಜಗ್ಗಲ್ಲ.

ಮುಂದಿನ ಗೋಡೆ, ದೊಡ್ಡ ಬಾಗಿನ (ಜಠರದ ಉಬ್ಬಿದ ಹೊರಬದಿಯ) ಅಂಚು, ಹಿಂದಿನ ಗೋಡೆ, ಮತ್ತೆ ವಾಪಸ್, ಹೀಗೆ ಒಂದೇ ದಾರದಲ್ಲಿ ಆರೇಳು ಕಡೆ ಚುಚ್ಚಿ ಕೊನೆಗೆ ಲಂಗದ ಲಾಡಿ ಎಳೆದ ಹಾಗೆ ಎಳೆದು ಲಾಕ್ ಮಾಡ್ತಾರೆ. ಸ್ಕ್ರೀನ್ ಮೇಲೆ ಹಾಲ್ ಥರ ಅಗಲವಾಗಿದ್ದ ಜಾಗ ಒಂದೊಂದು ದಾರಕ್ಕೂ ಮುದುಡಿ ಮುದುಡಿ ಕೊನೆಗೆ ಓಣಿ ಥರ ಆಗೋದನ್ನ ನೋಡಿದ್ರೆ ಈಗಲೂ ಆಶ್ಚರ್ಯ ಆಗುತ್ತೆ. ಮೇಲ್ಭಾಗ ಫಂಡಸ್ ಮಾತ್ರ ಹೊಲಿಯಲ್ಲ, ಅಲ್ಲಿ ಗೋಡೆ ತೆಳ್ಳಗಿರುತ್ತೆ. ಪೂರ್ತಿ ಅರಿವಳಿಕೆ ಕೊಟ್ಟು ಗಂಟಲಿಗೆ ಟ್ಯೂಬ್ ಹಾಕೇ ಮಾಡೋದು, ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತೆ. ಗೀರಿಲ್ಲ ಅಂದಮಾತ್ರಕ್ಕೆ ಚಿಕ್ಕ ಕೆಲಸ ಅಂದ್ಕೋಬೇಡಿ, ಸೂಜಿ ಗೋಡೆ ದಾಟೋದರಿಂದ ಆಚೆ ಇರೋ ಅಂಗಕ್ಕೆ ತಾಗದ ಹಾಗೆ ಮಾಡೋ ಪಳಗಿದ ಕೈ ಬೇಕು. ಯಾವ ಡಿವೈಸು, ಇದುವರೆಗೆ ಎಷ್ಟು ಜನಕ್ಕೆ ಮಾಡಿದ್ದೀರಿ ಅಂತ ಡಾಕ್ಟ್ರನ್ನೇ ಕೇಳಿ, ಸಂಕೋಚ ಬೇಡ.

ಉತ್ತರ 2

ನಾನು ಮಾಡಿಸ್ಕೊಂಡು ಎರಡು ವರ್ಷ ಆಯ್ತು. ಮೊದಲ ಮೂರು ದಿನದ ಬಗ್ಗೆ ಯಾರೂ ಸರಿಯಾಗಿ ಹೇಳಿರಲಿಲ್ಲ ಅದಕ್ಕೆ ಹೇಳ್ತಿದ್ದೀನಿ, ಹೊಟ್ಟೆ ಹಿಂಡೋ ನೋವು, ವಾಕರಿಕೆ, ನೀರನ್ನೂ ಗುಟುಕು ಗುಟುಕಾಗಿ ಕುಡಿಯಬೇಕು, ಎರಡನೇ ರಾತ್ರಿ ಗೋಡೆಗೆ ದಿಂಬು ಒರಗಿಸಿ ಕೂತೇ ಕಳೆದೆ. ಆಮೇಲೆ ಕಡಿಮೆ ಆಯ್ತು. ಎರಡು ವಾರ ಬರೀ ದ್ರವ, ಆಮೇಲೆ ಮೆತ್ತಗಿನ ಆಹಾರ, ಹೊಲಿಗೆ ಕೂಡಿಕೊಳ್ಳೋಕೆ ಟೈಮ್ ಬೇಕಲ್ಲ, ಆ ಟೈಮಲ್ಲಿ ಆತುರ ಪಟ್ರೆ ದಾರ ಹರ್ಕೊಳ್ಳುತ್ತೆ ಅಂತ ಡಾಕ್ಟ್ರು ಪದೇ ಪದೇ ಹೇಳಿದ್ರು.

ವರ್ಷದ ಮೇಲೆ ಚೆಕ್ ಮಾಡಿದಾಗ ನನಗೆ ಒಂದು ಹೊಲಿಗೆ ಸಡಿಲ ಆಗಿತ್ತು, ಉಳಿದವು ಗಟ್ಟಿ ಇದ್ವು. ಬೇಕಿದ್ರೆ ಮತ್ತೆ ಬಿಗಿ ಮಾಡಬಹುದು ಅಂದ್ರು, ನಾನು ಮಾಡಿಸಲಿಲ್ಲ. ಅಕ್ಕನಿಗೆ ಒಂದು ಮಾತು ಹೇಳಿ, ಬೇಗ ಹೊಟ್ಟೆ ತುಂಬೋದು ನಿಜ ಆದ್ರೆ ಬೇಜಾರಾದಾಗ ತಿನ್ನೋ ಅಭ್ಯಾಸ ಹೊಲಿಗೆಯಿಂದ ಹೋಗಲ್ಲ, ಅದಕ್ಕೆ ನಾನು ಈಗಲೂ ಡಯಟಿಷಿಯನ್ ಹತ್ರ ಹೋಗ್ತೀನಿ.

ಉತ್ತರ 3

ಅಂಕಿ ಅಂಶ ಬೇಕು ಅನ್ನೋರಿಗೆ, ಅಮೆರಿಕದಲ್ಲಿ ಮಾಡಿದ ಮೆರಿಟ್ ಟ್ರಯಲ್ 2022ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂತು. ಬಿಎಂಐ 30ರಿಂದ 40 ಇದ್ದ 209 ಜನ. ವರ್ಷದ ಕೊನೆಗೆ ಹೊಲಿಗೆ ಹಾಕಿಸ್ಕೊಂಡವರು ಸರಾಸರಿ ಶೇ. 13.6 ತೂಕ ಇಳಿಸಿದ್ರು, ಬರೀ ಜೀವನಶೈಲಿ ಬದಲಿಸಿದವರು ಶೇ. 0.8. ಅಂದ್ರೆ 95 ಕೆಜಿಗೆ ಸುಮಾರು 13 ಕೆಜಿ. ಗಂಭೀರ ತೊಂದರೆ ಆಗಿದ್ದು ಶೇ. 2 ಜನಕ್ಕೆ, ಯಾರೂ ಸತ್ತಿಲ್ಲ. ಅದೇ ವರ್ಷ ಅಮೆರಿಕದ ಔಷಧ, ವೈದ್ಯಕೀಯ ಸಾಧನ ನಿಯಂತ್ರಕ ಸಂಸ್ಥೆ ಎಫ್‌ಡಿಎ ಕೂಡ ಒಪ್ಪಿಗೆ ಕೊಡ್ತು. ಜಠರ ಕತ್ತರಿಸೋ ಸ್ಲೀವ್ ಸರ್ಜರಿಯಲ್ಲಿ ಇದಕ್ಕಿಂತ ಜಾಸ್ತಿ ಇಳಿಯುತ್ತೆ, ಅದನ್ನ ಮುಚ್ಚಿಡಬಾರದು.

ಎದೆಯುರಿ ವಿಷಯ ಹಗುರವಾಗಿ ತಗೋಬೇಡಿ. ಮೊದಲು ಮಾಮೂಲಿ ಎಂಡೋಸ್ಕೋಪಿ ಮಾಡಿಸಿ ಹಯಾಟಲ್ ಹರ್ನಿಯಾ (ಜಠರದ ಮೇಲ್ಭಾಗ ಎದೆಗೂಡಿನ ಕಡೆ ಜಾರೋದು) ಇದೆಯಾ, ಹುಣ್ಣು ಇದೆಯಾ ನೋಡ್ಲಿ. ಹರ್ನಿಯಾ ದೊಡ್ಡದಿದ್ರೆ ಲೆಕ್ಕವೇ ಬೇರೆ ಆಗುತ್ತೆ. ಎದೆಯುರಿಗೇ ಅಂತ ಬೇರೆ ಡಿವೈಸಿದೆ, ಎಸೋಫಿಕ್ಸ್, ಅದು ಅನ್ನನಾಳ ಜಠರಕ್ಕೆ ಸೇರೋ ಜಾಗದಲ್ಲಿ ಗೋಡೆನ ಮಡಿಸಿ ಫಾಸ್ಟ್‌ನರ್ (ಪುಟ್ಟ ಪಿನ್ನು) ಹಾಕಿ ಕವಾಟ ಕಟ್ಟುತ್ತೆ, ಟಿಫ್ ಅಂತಾರೆ. ಅದು ತೂಕಕ್ಕಲ್ಲ, ಹರ್ನಿಯಾ 2 ಸೆಂಟಿಮೀಟರ್ ಒಳಗಿದ್ದವರಿಗೆ ಹೇಳೋದು. ಎರಡನ್ನೂ ಒಂದೇ ಅಂದ್ಕೊಂಡು ಕನ್‌ಫ್ಯೂಸ್ ಆಗೋರನ್ನ ತುಂಬಾ ನೋಡಿದ್ದೀನಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಹರ್ನಿಯಾ ಬಗ್ಗೆ ಯಾರೂ ಕೇಳೇ ಇರಲಿಲ್ಲ, ಈ ವಾರವೇ ಚೆಕ್ ಮಾಡಿಸ್ತೀವಿ. ಇನ್ನೊಂದೇ ಡೌಟು, ಮುಂದೆ ಬೇಡ ಅನ್ನಿಸಿದ್ರೆ ಬಿಚ್ಚಬಹುದಾ?

ಉತ್ತರ 1

ಶುರುವಲ್ಲಾದ್ರೆ ಸ್ಕೋಪ್ ಹಾಕಿ ದಾರ ಕತ್ತರಿಸಬಹುದು. ತಿಂಗಳುಗಟ್ಟಲೆ ಆದ್ಮೇಲೆ ಮಡಿಕೆಗಳು ಅಂಟಿಕೊಂಡಿರ್ತವೆ, ದಾರ ತೆಗೆದ್ರೂ ಜಠರ ಪೂರ್ತಿ ಮೊದಲಿನ ಹಾಗೆ ಬಿಚ್ಕೊಳ್ಳುತ್ತೆ ಅನ್ನೋಕಾಗಲ್ಲ. ಹಾಗಂತ ಮುಂದೆ ಸರ್ಜರಿ ದಾರಿ ಮುಚ್ಚಲ್ಲ. ಆ ಸರ್ಜರಿಲಿ ಜಠರ ಕತ್ತರಿಸಿ ಸ್ಟೇಪ್ಲರ್ ಹೊಡೆಯೋ ಜಾಗದಲ್ಲಿ ಹಳೇ ದಾರ, ಅದರ ತುದಿಯ ಲೋಹದ ತುಂಡು ಸಿಕ್ಕಿಹಾಕಿಕೊಂಡ್ರೆ ತೊಂದರೆ ಆಗುತ್ತೆ, ಅದಕ್ಕೆ ಪ್ರೊಸೀಜರ್ ರಿಪೋರ್ಟು ಫೋಟೋ ಸಮೇತ ಇಸ್ಕೊಂಡು ಜೋಪಾನವಾಗಿ ಇಟ್ಕೊಳ್ಳೋಕೆ ಅಕ್ಕನಿಗೆ ಹೇಳಿ.