ಬೇಸ್‌ಮೆಂಟ್‌ನಲ್ಲಿ ರೇಡಾನ್ 7.2 ಬಂದಿದೆ, ಮಕ್ಕಳನ್ನು ಅಲ್ಲಿ ಬಿಡಬಹುದಾ?

ಇಬ್ಬರು ಮಕ್ಕಳ ಅಮ್ಮ: ಮನೆ ಕೊಂಡು ಎಂಟು ತಿಂಗಳಾಯಿತು. ಪಕ್ಕದವರು ಹೇಳಿದರು ಅಂತ ರೇಡಾನ್ ಅನ್ನೋ ವಿಕಿರಣ ಅನಿಲ ಅಳೆಯುವ ಕಿಟ್ ತಂದು ನಾಲ್ಕು ದಿನ ಬೇಸ್‌ಮೆಂಟ್‌ನಲ್ಲಿಟ್ಟು ಲ್ಯಾಬಿಗೆ ಕಳಿಸಿದೆ. ಲೀಟರ್ ಗಾಳಿಗೆ 7.2 ಪಿಕೊಕ್ಯೂರಿ ವಿಕಿರಣ ಅಂತ ಬಂದಿದೆ. ಮಗಳದು ಅಲ್ಲೇ ಆಟ, ಅಲ್ಲೇ ಹೋಂವರ್ಕ್. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಮನೆ ಮಾರಿಬಿಡೋದಾ?

ಹಳೇ ಹುಲಿ: ನಾವು ಈ ದೇಶಕ್ಕೆ ಬಂದು 26 ವರ್ಷ. ನಮ್ಮ ಎರಡೂ ಮಕ್ಕಳು ಬೇಸ್‌ಮೆಂಟ್‌ನಲ್ಲೇ ಬೆಳೆದವು, ಇಬ್ಬರೂ ಈಗ ಡಾಕ್ಟರು. ಇದೆಲ್ಲ ರೇಡಾನ್ ಹೊರಗೆ ಹಾಕೋ ಫ್ಯಾನ್ ಮಾರುವವರ ವ್ಯಾಪಾರ ಅಷ್ಟೇ. ಕಿಟಕಿ ತೆಗೆದಿಡಿ, ಸುಮ್ನೆ ಹೆದರಬೇಡಿ.

ಸ್ಪ್ಯಾನರ್ ಹಿಡಿದವ: ಮಾರಬೇಡಿ, ರಿಪೇರಿ ಮಾಡಿಸಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, 4 ಪಿಕೊಕ್ಯೂರಿ ಅಥವಾ ಹೆಚ್ಚಿದ್ದರೆ ಸರಿಪಡಿಸಿ ಅನ್ನುತ್ತದೆ. ನಿಮ್ಮ 7.2 ಅಂದರೆ ಇನ್ನೊಂದು ಅಳತೆಯಲ್ಲಿ ಘನ ಮೀಟರಿಗೆ ಸುಮಾರು 266 ಬೆಕೆರೆಲ್, ಕೆನಡಾದ ಮಿತಿ 200, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 100. ಮಣ್ಣು, ಬಂಡೆಯಲ್ಲಿರುವ ಯುರೇನಿಯಂನಿಂದ ಹುಟ್ಟುವ ಅನಿಲ ಇದು, ನೆಲದ ಬಿರುಕು, ನೆಲದಡಿಯ ನೀರು ಸೇರುವ ಸಂಪ್ ಹೊಂಡದಿಂದ ಒಳಗೆ ಬರುತ್ತದೆ. ಚಳಿಗಾಲದಲ್ಲಿ ಬಿಸಿ ಗಾಳಿ ಮೇಲೇರಿದಂತೆ ಮನೆಯೇ ಮಣ್ಣಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ವರ್ಷವಿಡೀ ಕಿಟಕಿ ತೆಗೆದಿಡೋಕಾಗುತ್ತಾ? ಕಾಂಕ್ರೀಟ್ ನೆಲ ಕೊರೆದು ಪೈಪ್ ಇಳಿಸಿ, ಕೆಳಗಿನ ಗಾಳಿಯನ್ನು ಫ್ಯಾನ್‌ನಿಂದ ಎಳೆದು ಚಾವಣಿ ಮೇಲೆ ಬಿಡುತ್ತಾರೆ. ಫ್ಯಾನ್ ಅಟ್ಟದಲ್ಲೋ ಹೊರಗೋ ಇರಲಿ, ಬೇಸ್‌ಮೆಂಟ್‌ನಲ್ಲಿ ಬೇಡ. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ವರ್ಷಗಟ್ಟಲೆ ಉಸಿರಾಡಿದ್ದರ ಲೆಕ್ಕ, ಇವತ್ತೇ ಏನೂ ಆಗಲ್ಲ. ಆದರೂ ಅಲ್ಲಿವರೆಗೆ ಹೋಂವರ್ಕ್ ಮೇಜು ಮೇಲಕ್ಕೆ ತನ್ನಿ.

ಹಳೇ ಹುಲಿ: ಎಲ್ಲದಕ್ಕೂ ಒಂದು ನಂಬರು! ಇವತ್ತಿನ ಅಪ್ಪ ಅಮ್ಮಂದಿರಿಗೆ ಹೆದರುವುದೇ ಕೆಲಸ. ಮಕ್ಕಳನ್ನು ಹೊರಗೆ ಆಟಕ್ಕೆ ಬಿಡಿ, ಮನೇಲಿ ಕನ್ನಡ ಮಾತಾಡಿ. ನಮ್ಮ ಮಗಳು ಈಗಲೂ ಫೋನಿನಲ್ಲಿ ಕನ್ನಡದಲ್ಲೇ ಜಗಳ ಆಡುತ್ತಾಳೆ.

ತಡವಾಗಿ ಗೊತ್ತಾಯಿತು: ನನ್ನ ಭಾವ ಒಂದು ಸಿಗರೇಟೂ ಸೇದಿದವರಲ್ಲ. ಶ್ವಾಸಕೋಶದ ಕ್ಯಾನ್ಸರ್. ಧೂಮಪಾನದ ನಂತರದ ದೊಡ್ಡ ಕಾರಣ ರೇಡಾನ್ ಅಂತ ಆಮೇಲೆ ಓದಿದೆ. ಅವರಿಗೆ ಅದರಿಂದಲೇ ಬಂತು ಅಂತ ಹೇಳಲಾರೆ, ಆ ಮನೆಯಲ್ಲಿ ಯಾರೂ ಟೆಸ್ಟೇ ಮಾಡಿರಲಿಲ್ಲ. ಗ್ರಾನೈಟ್ ಕೌಂಟರ್ ಆರಿಸಲು ಮೂರು ವಾರ ತಗೊಂಡೆವು, ಒಂದು ಟೆಸ್ಟ್ ಡಬ್ಬಿ ಇಡಲು ಯಾರಿಗೂ ಹೊಳೆಯಲಿಲ್ಲ.

ಸ್ಪ್ಯಾನರ್ ಹಿಡಿದವ: ಹುಲಿಯವರೇ, 1984ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಎಂಜಿನಿಯರ್ ಅಣುಸ್ಥಾವರಕ್ಕೆ ಕೆಲಸಕ್ಕೆ ಬಂದರೆ ವಿಕಿರಣದ ಅಲಾರಂ ಹೊಡೆದುಕೊಂಡಿತು. ಒಳಗೆ ಬರುವಾಗಲೇ! ಹುಡುಕಿದರೆ, ಮೂಲ ಅವರ ಮನೆಯ ರೇಡಾನ್. ಅದೂ ಫ್ಯಾನ್ ಮಾರುವವರ ಆಟವಾ?

ಹಳೇ ಹುಲಿ: ನಮ್ಮ ಮನೇಲಿ ಯಾವ ಅಲಾರಂ ಹೊಡೆದಿಲ್ಲ.

ಇಬ್ಬರು ಮಕ್ಕಳ ಅಮ್ಮ: ಸರಿ, ಮೇಜು ಮೇಲಕ್ಕೆ ತಂದೆ. ಒಂದು ಅನುಮಾನ. ನಾನು ಕಿಟ್ಟನ್ನು ನೆಲದ ಮೇಲೇ ಇಟ್ಟಿದ್ದೆ, ಸಂಪ್ ಹೊಂಡದ ಪಕ್ಕ. ಪರವಾಗಿಲ್ಲ ಅಲ್ವಾ?

ಸ್ಪ್ಯಾನರ್ ಹಿಡಿದವ: ಅಯ್ಯೋ. ಕನಿಷ್ಠ 20 ಇಂಚು ಮೇಲಿರಬೇಕು, ಹೊಂಡದಿಂದ, ಕಿಟಕಿಯಿಂದ ದೂರ. 12 ಗಂಟೆ ಮೊದಲೇ ಬಾಗಿಲು ಕಿಟಕಿ ಮುಚ್ಚಿ, ಟೆಸ್ಟ್ ಮುಗಿಯುವವರೆಗೂ ಹಾಗೇ ಇರಲಿ. ಇನ್ನೊಮ್ಮೆ ಇಡಿ.

ಹಳೇ ಹುಲಿ: ನೋಡಿ, ನಾನು ಹೇಳಲಿಲ್ವಾ.